ರಾಷ್ಟ್ರಗಳ ಕಲಹವೂ ಸಂಧಾನಕಾರನ ಧರ್ಮವೂ



ಮಳೆಗಾಲದ ರಾತ್ರಿಗಳಲ್ಲಿ ಉಡುಪಿ, ಕಾಪು, ಕಾರ್ಕಳಗಳ ಕಡೆಯಲ್ಲಿ ತಾಳಮದ್ದಳೆಯ ಕೂಟಗಳು ನಡೆಯುವುದು ಎಲ್ಲರಿಗೂ ತಿಳಿದ ಸಂಗತಿಯಾಗಿದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಹಾಡು ಮಾತುಗಳಿಂದಲೇ ಕಥೆಯನ್ನು ಬೆಳೆಯಿಸುವ ಆ ಕೂಟಗಳಲ್ಲಿ ಜನರು ಮರಳಿ ಮರಳಿ ಕೇಳಬಯಸುವ ಪ್ರಸಂಗಗಳಲ್ಲಿ 'ಕೃಷ್ಣಸಂಧಾನ'ವೂ ಒಂದು. ಯುದ್ಧವು ನಡೆದೇ ತೀರುವುದೆಂಬುದು ಕೇಳುವವರಲ್ಲಿ ಯಾರಿಗೂ ತಿಳಿಯದ್ದಲ್ಲ. ಆದರೂ ಶ್ರೀಕೃಷ್ಣನು ಹಸ್ತಿನಾವತಿಗೆ ಹೋಗಿ, ಅರ್ಧರಾಜ್ಯದಿಂದ ಐದು ಗ್ರಾಮಗಳವರೆಗೆ ಇಳಿದು ಕೇಳುವ ಆ ಮಾತುಗಳನ್ನು ಅವರು ನಿದ್ರೆಗೆಟ್ಟು ಆಲಿಸುವರು. ಫಲಿಸದೆ ಹೋದ ಸಂಧಾನವೊಂದನ್ನು ಜನರು ಇಷ್ಟು ಆದರದಿಂದ ಕೇಳುವುದೇಕೆ? ಈ ಪ್ರಶ್ನೆಯು ಕೇವಲ ಪುರಾಣಕ್ಕೆ ಸಂಬಂಧಪಟ್ಟುದಲ್ಲ. ರಾಷ್ಟ್ರ ರಾಷ್ಟ್ರಗಳ ಕಲಹವನ್ನು ನಿಲ್ಲಿಸಲು ಹೊರಟ ಪ್ರತಿಯೊಬ್ಬನ ಮುಂದೆಯೂ ಇದೇ ಪ್ರಶ್ನೆ ನಿಂತಿರುತ್ತದೆ.

ಕಾರ್ಕಳದ ಬಂಡೆಯ ಮೇಲೆ ಇನ್ನೊಂದು ಬಗೆಯ ಸಂಧಾನದ ಕುರುಹು ಇದೆ. ಭೈರರಸರ ವಂಶದ ವೀರಪಾಂಡ್ಯನು 1432ರಲ್ಲಿ ಅಲ್ಲಿ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಬಾಹುಬಲಿಯ ವಿಗ್ರಹವನ್ನು ನೋಡದವರು ಆ ಸೀಮೆಯಲ್ಲಿ ವಿರಳ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಹಟಕ್ಕಾಗಿ ಸಹಸ್ರಾರು ಸೈನಿಕರು ಮಡಿಯುವುದು ಯುಕ್ತವಲ್ಲವೆಂದು ಮಂತ್ರಿಗಳು ನಡುವೆ ಬಂದರೆಂಬುದು ಜೈನ ಪುರಾಣದ ಕಥೆ. ಅವರಿಗೆ ಜಗಳವನ್ನು ತಪ್ಪಿಸಲು ಆಗಲಿಲ್ಲ. ಅದನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಪಂದ್ಯಗಳಿಗೆ ಇಳಿಸಿ, ಸೈನ್ಯಗಳೆರಡನ್ನೂ ಉಳಿಸಿದರು. ಗೆದ್ದವನು ರಾಜ್ಯವನ್ನೇ ತೊರೆದು ಹೋದುದು ಅನಂತರದ ಮಾತು. ಸಂಧಾನದ ಕೈಯಲ್ಲಿ ಆಗುವಂಥದು ಅನೇಕ ವೇಳೆ ಇಷ್ಟೇ. ಕಲಹವನ್ನು ಅಳಿಸಲಾರದಿದ್ದರೂ ಅದರ ಅಪಾಯದ ಪರಿಧಿಯನ್ನು ಕಿರಿದುಗೊಳಿಸಬಹುದು.

ತುಳುನಾಡಿನ ಹಳ್ಳಿಗಳಲ್ಲಿ ಮೂರನೆಯ ಬಗೆಯೊಂದುಂಟು. ಗಡಿಯ ತಂಟೆ, ನೀರಿನ ತಂಟೆ, ಪಾಲಿನ ತಂಟೆಗಳನ್ನು ದೈವದ ಕೋಲದಲ್ಲಿ ನುಡಿಗೆ ಒಪ್ಪಿಸುವ ಪದ್ಧತಿಯೇ ಅದು. ಅಲ್ಲಿ ನಡುವೆ ನಿಂತವನ ಮಾತಿಗೆ ಇಬ್ಬರೂ ತಲೆಬಾಗುವರೆಂಬ ನಂಬುಗೆಯೇ ತೀರ್ಪಿನ ಬಲ. ಮನವೊಲಿಸುವುದು, ಮಿತಿ ಕಟ್ಟುವುದು, ತೀರ್ಪು ಕೊಡುವುದು ಎಂಬ ಈ ಮೂರನ್ನೂ 1945ರ ವಿಶ್ವಸಂಸ್ಥೆಯ ಸನ್ನದು ತನ್ನ 33ನೆಯ ವಿಧಿಯಲ್ಲಿ ಬೇರೆ ಹೆಸರುಗಳಿಂದ ಸೇರಿಸಿಕೊಂಡಿತು. ಮಾತುಕತೆ, ವಿಚಾರಣೆ, ಮಧ್ಯಸ್ಥಿಕೆ, ರಾಜಿ, ಪಂಚಾಯಿತಿ, ನ್ಯಾಯಾಲಯದ ತೀರ್ಮಾನ ಎಂದು ಅದರಲ್ಲಿ ಎಣಿಸಲಾಗಿದೆ. ಹಳ್ಳಿಗೂ ಲೋಕಕ್ಕೂ ಇರುವ ಭೇದವು ಒಂದೇ. ಹಳ್ಳಿಯಲ್ಲಿ ಜಗಳವಾಡಿದವರಿಬ್ಬರೂ ಮರುದಿನ ಒಂದೇ ಸಂತೆಗೆ ಹೋಗಬೇಕಾಗಿರುವುದರಿಂದ ನಡುವಿನವನ ಮಾತಿಗೆ ತೂಕವುಂಟು. ರಾಷ್ಟ್ರಗಳಿಗಾದರೋ ಅಂತಹ ಬಂಧನವು ಕಡಮೆ. ಆದುದರಿಂದ ಅಲ್ಲಿ ಸಂಧಾನಕಾರನಿಗೆ ತನ್ನ ಮಾತಲ್ಲದೆ ಬೇರೆ ಬಲವಿಲ್ಲ.

ಆ ಮಾತಿನ ಬಲವನ್ನೇ ನಂಬಿ ಲೋಕದ ಅತಿ ಕಠಿನವಾದ ಕಲಹವೊಂದರ ನಡುವೆ ನಿಂತವರಲ್ಲಿ ಈ ಜಿಲ್ಲೆಯ ಮಹನೀಯರೊಬ್ಬರಿದ್ದರೆಂಬುದನ್ನು ಇಂದಿನ ತರುಣರಲ್ಲಿ ಅನೇಕರು ಅರಿಯರು. ಬೆನಗಲ್ ಎಂಬುದು ಉಡುಪಿ ಸೀಮೆಯ ಒಂದು ಹಳ್ಳಿಯ ಹೆಸರು. ಆ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಬೆನಗಲ್ ನರಸಿಂಗ ರಾಯರು 1887ನೆಯ ಫೆಬ್ರವರಿ 26ರಂದು ಜನಿಸಿದರು. ಅಂದು ಉಡುಪಿ, ಕಾಪು, ಕಾರ್ಕಳಗಳೆಲ್ಲವೂ ಅವಿಭಕ್ತ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಕೇಂಬ್ರಿಜ್ಜಿಗೆ ಹೋಗಿ, ಸಿವಿಲ್ ಸರ್ವೀಸಿಗೆ ಸೇರಿ, ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. 1946ರಿಂದ ಸಂವಿಧಾನ ಸಭೆಯ ಸಲಹೆಗಾರರಾಗಿ ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಅವರ ಸೋದರರಲ್ಲಿ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು; ಪತ್ರಿಕಾಕರ್ತರಾದ ಶಿವರಾಯರು ಮೊದಲ ಲೋಕಸಭೆಗೆ ಈ ಜಿಲ್ಲೆಯಿಂದಲೇ ಆಯ್ಕೆಯಾಗಿದ್ದರು.

ನರಸಿಂಗ ರಾಯರಿಗೆ ಸಂಧಾನದ ಕೆಲಸವು ಮೊದಲು ಒದಗಿದ್ದು ನೀರಿನ ವ್ಯಾಜ್ಯದಲ್ಲಿ. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತಗಳಿಗೆ ಉಂಟಾದ ತಂಟೆಯನ್ನು ವಿಚಾರಿಸಲು 1941ರಲ್ಲಿ ನೇಮಕವಾದ ಆಯೋಗಕ್ಕೆ ಅವರು ಅಧ್ಯಕ್ಷರಾಗಿ, 1942ರಲ್ಲಿ ವರದಿಯನ್ನು ಒಪ್ಪಿಸಿದರು. ಆ ಪ್ರಾಂತಗಳು ಅದನ್ನು ಒಪ್ಪಲಿಲ್ಲ. ಐದು ವರ್ಷಗಳಲ್ಲಿ ದೇಶವೇ ಎರಡಾಗಿ, ಪ್ರಾಂತಗಳ ತಂಟೆಯು ರಾಷ್ಟ್ರಗಳ ತಂಟೆಯಾಯಿತು. ತೀರದೆ ಉಳಿದ ಸಣ್ಣ ವ್ಯಾಜ್ಯವು ದೊಡ್ಡದಾಗುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಿಲ್ಲ.

1950ನೆಯ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯವು 38ನೆಯ ಅಕ್ಷಾಂಶ ರೇಖೆಯನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಆ ತಿಂಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷಸ್ಥಾನವು ಸರದಿಯ ಪ್ರಕಾರ ಭಾರತಕ್ಕೆ ಬಂದಿತ್ತು; ಅಂದಿನ ಸಭೆಯ ಪೀಠದಲ್ಲಿದ್ದವರು ನರಸಿಂಗ ರಾಯರು. ಯುದ್ಧವನ್ನು ನಿಲ್ಲಿಸಿ ಹಿಂದಕ್ಕೆ ಸರಿಯಬೇಕೆಂಬ ಗೊತ್ತುವಳಿಗೆ ಭಾರತವು ಸಮ್ಮತಿಯಿತ್ತಿತು. ಎಂದರೆ ಅನ್ಯಾಯವನ್ನು ಅನ್ಯಾಯವೆಂದು ಹೇಳಲು ಹಿಂಜರಿಯಲಿಲ್ಲ. ಆದರೆ ಕಾದಾಡುವ ಸೈನ್ಯವನ್ನು ಭಾರತವು ಕಳುಹಿಸಲಿಲ್ಲ; ಗಾಯಗೊಂಡವರ ಆರೈಕೆಗಾಗಿ ಒಂದು ವೈದ್ಯದಳವನ್ನು ಮಾತ್ರ ಕಳುಹಿಸಿತು. ಇತ್ತ ಪೆಕಿಂಗಿನಲ್ಲಿ ಭಾರತದ ರಾಯಭಾರಿಯಾಗಿದ್ದ ಕೆ. ಎಂ. ಪಣಿಕ್ಕರರನ್ನು ಅಕ್ಟೋಬರದ ಆರಂಭದಲ್ಲಿ ಚೀನಾದ ಪ್ರಧಾನಿಯು ಮಧ್ಯರಾತ್ರಿ ಕರೆಯಿಸಿ, ಅಮೆರಿಕದ ಸೈನ್ಯವು ಆ ರೇಖೆಯನ್ನು ದಾಟಿ ಉತ್ತರಕ್ಕೆ ಬಂದರೆ ಚೀನಾ ಸುಮ್ಮನಿರದೆಂದು ತಿಳಿಸಿದನು. ಭಾರತವು ಆ ಮಾತನ್ನು ಇದ್ದ ಹಾಗೆಯೇ ಮುಟ್ಟಿಸಿತು. ಕೇಳಬೇಕಾದವರು ನಂಬಲಿಲ್ಲ. ಕೆಲವು ವಾರಗಳಲ್ಲಿ ಚೀನಾದ ಸೇನೆಯು ಯುದ್ಧಕ್ಕೆ ಇಳಿಯಿತು.

1950ನೆಯ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಕದನವಿರಾಮದ ಆಧಾರವನ್ನು ಹುಡುಕಲು ಮೂವರ ಗುಂಪೊಂದನ್ನು ಏರ್ಪಡಿಸಿತು. ಸಭಾಧ್ಯಕ್ಷರಾಗಿದ್ದ ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಭಾರತದ ನರಸಿಂಗ ರಾವ್ ಇವರೇ ಆ ಮೂವರು. ಇವರ ಕೈಯಲ್ಲಿ ಸೈನ್ಯವಿರಲಿಲ್ಲ, ದ್ರವ್ಯವಿರಲಿಲ್ಲ. 1951ನೆಯ ಜನವರಿ 11ರಂದು ಇವರು ಐದು ತತ್ತ್ವಗಳನ್ನು ಮುಂದಿಟ್ಟರು. ಮೊದಲು ಕದನವಿರಾಮ, ಆ ಅವಕಾಶದಲ್ಲಿ ಶಾಂತಿಯ ಯತ್ನ, ಹೊರಗಿನ ಸೈನ್ಯಗಳೆಲ್ಲವೂ ಹಂತಹಂತವಾಗಿ ಹೊರಡುವುದು, ಅದುವರೆಗೆ ಮಧ್ಯಂತರ ಆಡಳಿತ, ಕೊನೆಗೆ ಚೀನಾವೂ ಸೇರಿದಂತೆ ದೊಡ್ಡ ರಾಷ್ಟ್ರಗಳು ಪೂರ್ವದೇಶಗಳ ಪ್ರಶ್ನೆಗಳನ್ನು ಕುಳಿತು ವಿಚಾರಿಸುವುದು. ಚೀನಾ ಇದನ್ನು ಒಪ್ಪಲಿಲ್ಲ. ಮಾತುಕತೆ ಮೊದಲು, ವಿರಾಮ ಅನಂತರ ಎಂದಿತು. ರಾಯರು ಅಲ್ಲಿಗೆ ಕೈಬಿಡದೆ, ಪೆಕಿಂಗಿನಿಂದ ಬಂದ ಇನ್ನಷ್ಟು ವಿವರಣೆಯನ್ನು ಸಮಿತಿಯ ಮುಂದಿಟ್ಟರು. ಆದರೆ ಸಭೆಯ ತಾಳ್ಮೆಯು ಮುಗಿದಿತ್ತು. ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿಯೆಂದು ಖಂಡಿಸುವ ಗೊತ್ತುವಳಿಯು 44 ಮತಗಳಿಂದ ಪಾಸಾಯಿತು. ವಿರೋಧವಾಗಿ ಬಿದ್ದ 7 ಮತಗಳಲ್ಲಿ ಸೋವಿಯೆತ್ ಬಣದವು ಐದು. ಉಳಿದ ಎರಡು ಬರ್ಮಾ ಮತ್ತು ಭಾರತಗಳವು.

ಈ ಮತಕ್ಕಾಗಿ ಭಾರತವು ಬಹಳ ನಿಷ್ಠುರವನ್ನು ಕಟ್ಟಿಕೊಂಡಿತು. ಜೂನಿನಲ್ಲಿ ಒಂದು ಪಕ್ಷವನ್ನು ತಪ್ಪೆಂದವರು ಫೆಬ್ರವರಿಯಲ್ಲಿ ಹಿಂಜರಿದುದೇಕೆಂದು ಟೀಕೆಯಾಯಿತು. ವಿಚಾರವಂತರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ತಪ್ಪನ್ನು ಹೆಸರಿಸುವುದು ಬೇರೆ, ಬಾಗಿಲನ್ನು ಮುಚ್ಚುವುದು ಬೇರೆ. ಮೊದಲನೆಯದು ನ್ಯಾಯದ ಕೆಲಸ. ಅದನ್ನು ಜೂನಿನಲ್ಲಿ ಮಾಡಿಯಾಗಿತ್ತು. ಯುದ್ಧಭೂಮಿಯಲ್ಲಿರುವವನೊಡನೆ ಮಾತನಾಡಬೇಕಾಗಿದ್ದ ವೇಳೆಯಲ್ಲಿ ಖಂಡನೆಯು ಮಾತಿನ ದಾರಿಯನ್ನೇ ಕಟ್ಟುವುದೆಂಬುದು ಭಾರತದ ವಾದವಾಗಿತ್ತು. ಸಂಧಾನಕಾರನೆಂದರೆ ಕಣ್ಣುಮುಚ್ಚಿದವನೆಂದಲ್ಲ, ಕಣ್ಣು ತೆರೆದಿದ್ದೂ ಬಾಗಿಲನ್ನು ಮುಚ್ಚದವನು.

ಆ ಮೂವರ ಯತ್ನವು ಅಂದು ನಿಷ್ಫಲವಾಯಿತೆಂದೇ ಎಲ್ಲರೂ ಬರೆದರು. ಆದರೆ ಅದೇ ವರ್ಷದ ಜುಲೈ 10ರಂದು ಕೇಸೊಂಗಿನಲ್ಲಿ ಕದನವಿರಾಮದ ಮಾತುಕತೆಯು ಆರಂಭವಾಯಿತು. ಯುದ್ಧಕೈದಿಗಳ ಪ್ರಶ್ನೆಯೊಂದರಿಂದಲೇ ಅದು ದೀರ್ಘಕಾಲ ಎಳೆಯಿತು. ತಾಯ್ನಾಡಿಗೆ ಹಿಂದಿರುಗಲೊಲ್ಲದ ಕೈದಿಯನ್ನು ಬಲಾತ್ಕಾರದಿಂದ ಕಳುಹಿಸಬಹುದೇ ಎಂಬುದೇ ಆ ಪ್ರಶ್ನೆ. 1952ನೆಯ ಡಿಸೆಂಬರ್ 3ರಂದು ಭಾರತವು ತಂದ ಸಲಹೆಯನ್ನು ಸಾಮಾನ್ಯ ಸಭೆಯು ಅಂಗೀಕರಿಸಿತು. ಸೋವಿಯೆತ್ ಬಣವೂ ಚೀನಾವೂ ಮೊದಲು ಅದನ್ನು ನಿರಾಕರಿಸಿದುವು; ಆದರೂ 1953ನೆಯ ಜುಲೈ 27ರಂದು ಯುದ್ಧವು ನಿಂತಾಗ ಅದೇ ಸಲಹೆಯ ಮಾದರಿಯಲ್ಲಿ ತಟಸ್ಥರಾಷ್ಟ್ರಗಳ ಆಯೋಗವು ಏರ್ಪಟ್ಟಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾಗಳು ಸದಸ್ಯರು, ಭಾರತವು ಅಧ್ಯಕ್ಷ. ಆ ಪೀಠದಲ್ಲಿ ಕುಳಿತವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು.

ತಿಮ್ಮಯ್ಯನವರ ವಶಕ್ಕೆ ದಕ್ಷಿಣದ ಕಡೆಯಿಂದ 22,604 ಮಂದಿ ಕೈದಿಗಳೂ ಉತ್ತರದ ಕಡೆಯಿಂದ 359 ಮಂದಿಯೂ ಬಂದರು. ಕೈದಿಗಳಲ್ಲಿಯೇ ಪಕ್ಷಗಳು, ಬೆದರಿಕೆಗಳು. ಆಯೋಗದ ಸದಸ್ಯರಲ್ಲಿ ಇಬ್ಬರು ಒಂದು ಕಡೆಗೆ, ಇಬ್ಬರು ಇನ್ನೊಂದು ಕಡೆಗೆ. ಭಾರತದ ಕಾವಲುದಳವು ಎರಡು ಪಕ್ಷಗಳಿಂದಲೂ ಬೈಗುಳವನ್ನು ಕೇಳಿತು. ಪ್ರತಿಯೊಬ್ಬ ಕೈದಿಗೂ ತನ್ನ ಆಯ್ಕೆಯನ್ನು ವಿವರಿಸಿ ಹೇಳುವ ಕಾರ್ಯವು ಅರ್ಧದಲ್ಲಿಯೇ ನಿಂತುದರಿಂದ, 1954ನೆಯ ಜನವರಿಯಲ್ಲಿ ಅವರು ಉಳಿದ ಕೈದಿಗಳನ್ನು, ಮೊದಲು ಅವರನ್ನು ಹಿಡಿದಿದ್ದ ಪಕ್ಷಗಳಿಗೇ ಮರಳಿ ಒಪ್ಪಿಸಿದರು. ಎರಡು ಕಡೆಗೂ ಹೋಗಲೊಲ್ಲದ 88 ಮಂದಿಯನ್ನು ಭಾರತವು ತನ್ನೊಡನೆ ಕರೆತಂದಿತು. ಇದನ್ನು ಪೂರ್ಣವಿಜಯವೆಂದು ಯಾರೂ ಹೇಳರು. ಆದರೆ ಆ ಏರ್ಪಾಡಿಲ್ಲದಿದ್ದರೆ ಯುದ್ಧವು ನಿಲ್ಲುತ್ತಿರಲಿಲ್ಲ. ಈ ಕೆಲಸವು ನಡೆಯುತ್ತಿದ್ದ ಕಾಲದಲ್ಲಿಯೇ, 1953ನೆಯ ನವೆಂಬರ್ 30ರಂದು, ಹೇಗಿನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ನರಸಿಂಗ ರಾಯರು ಜೂರಿಚ್ ನಗರದಲ್ಲಿ ತೀರಿಕೊಂಡರು. ಮೊದಲು ವಿರಾಮ, ಅನಂತರ ವಿಚಾರ ಎಂದು ಅವರೂ ಅವರ ಜೊತೆಗಾರರೂ ಹಾಕಿದ್ದ ಕ್ರಮದಲ್ಲಿಯೇ ಕೊರಿಯಾದ ಬಂದೂಕುಗಳು ಸುಮ್ಮನಾಗಿದ್ದುವು. ವಿಚಾರದ ಭಾಗವು ಮಾತ್ರ ಮುಗಿಯಲೇ ಇಲ್ಲ. ಅಲ್ಲಿ ಶಾಂತಿಯ ಒಡಂಬಡಿಕೆಯು ಇಂದಿಗೂ ಆಗಿರುವುದಿಲ್ಲ.

ಆ ಮೇಲಿನ ಏಳು ದಶಕಗಳಲ್ಲಿ ಸಂಧಾನದ ರೂಪವು ಬಹಳ ಮಾರ್ಪಟ್ಟಿರುವುದು. ಮೊದಲನೆಯ ಮಾರ್ಪಾಡು, ಮಾತಿನ ಜೊತೆಗೆ ಕಾವಲು ಸೇರಿದ್ದು. 1956ರಲ್ಲಿ ಸೂಯೆಜ್ ಕಾಲುವೆಯ ಯುದ್ಧವಾದಾಗ, ರಾಯರ ಜೊತೆಗಾರರಾಗಿದ್ದ ಪಿಯರ್ಸನ್ನರೇ ವಿಶ್ವಸಂಸ್ಥೆಯ ಪಡೆಯೊಂದನ್ನು ಎರಡು ಸೈನ್ಯಗಳ ನಡುವೆ ನಿಲ್ಲಿಸುವ ಸಲಹೆಯನ್ನು ಕೊಟ್ಟು, ಮರುವರ್ಷ ನೊಬೆಲ್ ಶಾಂತಿ ಬಹುಮಾನವನ್ನು ಪಡೆದರು. ತಿಮ್ಮಯ್ಯನವರೂ 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಅಂತಹ ಪಡೆಯ ನಾಯಕರಾಗಿ, 1965ನೆಯ ಡಿಸೆಂಬರ್ 18ರಂದು ಅಲ್ಲಿಯೇ ಅಸುನೀಗಿದರು. ಕಾವಲಿನಿಂದ ರಕ್ತಪಾತವು ತಗ್ಗುವುದು ನಿಜ. ಆದರೆ ಕಾವಲಿನ ಅಭ್ಯಾಸವಾದರೆ ರಾಜಿಯ ಅವಸರವು ಕುಂದುವುದೂ ಅಷ್ಟೇ ನಿಜ. ಸೈಪ್ರಸ್ಸಿನಲ್ಲಿ ಆ ಪಡೆಯು ಆರು ದಶಕಗಳು ಕಳೆದರೂ ನಿಂತೇ ಇದೆ.

ಎರಡನೆಯ ಮಾರ್ಪಾಡು, ಮಧ್ಯಸ್ಥರು ಯಾರೆಂಬುದರಲ್ಲಿ. ಸಿಂಧೂ ನದಿಯ ವಿಷಯದಲ್ಲಿ ರಾಯರ ಆಯೋಗವು ಸಾಧಿಸಲಾರದುದನ್ನು ವಿಶ್ವಬ್ಯಾಂಕು, ಕಾಲುವೆ ಅಣೆಕಟ್ಟುಗಳಿಗೆ ಹಣವನ್ನು ಒದಗಿಸಿ, 1960ನೆಯ ಸೆಪ್ಟೆಂಬರ್ 19ರ ಒಪ್ಪಂದದಿಂದ ಸಾಧಿಸಿತು. ಆ ಒಪ್ಪಂದವು ಯುದ್ಧಗಳನ್ನು ದಾಟಿ ಬಾಳಿ, 2025ನೆಯ ಏಪ್ರಿಲಿನಲ್ಲಿ ಭಾರತವು ಅದನ್ನು ತಡೆಹಿಡಿದಿರುವುದಾಗಿ ಸಾರುವವರೆಗೆ ನಡೆಯಿತು. ಅನಂತರ ಚಿಕ್ಕ ರಾಷ್ಟ್ರಗಳು ಮುಂದೆ ಬಂದುವು. ನಾರ್ವೆಯು 2002ನೆಯ ಫೆಬ್ರವರಿಯಲ್ಲಿ ಶ್ರೀಲಂಕೆಯ ಸರ್ಕಾರಕ್ಕೂ ತಮಿಳು ಹುಲಿಗಳಿಗೂ ಕದನವಿರಾಮವನ್ನು ಮಾಡಿಸಿತು. 2008ರ ಜನವರಿಯಲ್ಲಿ ಅದು ಮುರಿದು, 2009ರ ಮೇ ತಿಂಗಳಲ್ಲಿ ಯುದ್ಧದಿಂದಲೇ ಕಥೆಯು ಕೊನೆಗಂಡಿತು. ಕತಾರ್ ದೇಶದ ದೋಹಾ ನಗರದಲ್ಲಿ 2020ನೆಯ ಫೆಬ್ರವರಿ 29ರಂದು ಅಮೆರಿಕವೂ ತಾಲಿಬಾನರೂ ಸಹಿ ಹಾಕಿದರು. ಯಾರ ದೇಶದ ಭವಿಷ್ಯವು ಅಲ್ಲಿ ನಿರ್ಧಾರವಾಯಿತೋ ಆ ಅಫ್ಘಾನ್ ಸರ್ಕಾರವು ಆ ಸಹಿಯಲ್ಲಿ ಇರಲಿಲ್ಲ. ಮರುವರ್ಷದ ಆಗಸ್ಟಿನಲ್ಲಿ ಅದು ಉರುಳಿತು. ಪಂಚಾಯಿತಿಗೆ ಕರೆಯದವನ ಮೇಲೆ ಪಂಚಾಯಿತಿಯ ಮಾತು ನಿಲ್ಲದೆಂಬುದನ್ನು ಹಳ್ಳಿಯ ಹಿರಿಯರು ಎಂದೋ ಬಲ್ಲರು.

ಮೂರನೆಯ ಮಾರ್ಪಾಡು, ಕಲಹದ ಪಕ್ಷಗಳಲ್ಲಿ. ರಾಯರ ಕಾಲದಲ್ಲಿ ಜಗಳವು ಹೆಚ್ಚಾಗಿ ಸರ್ಕಾರಗಳ ನಡುವೆ. ಈಗಲಾದರೋ ಒಂದೇ ದೇಶದ ಸರ್ಕಾರಕ್ಕೂ ದಂಗೆಯ ದಳಗಳಿಗೂ, ಒಂದೇ ಊರಿನ ಜನರಿಗೂ ಜನರಿಗೂ. ಆದುದರಿಂದ ಗಡಿಯ ರೇಖೆಯೊಂದನ್ನು ಎಳೆದರೆ ಸಾಲದು. ಪೊಲೀಸು, ಭೂಮಿ, ಭಾಷೆ, ಸೆರೆಯವರು, ಚುನಾವಣೆ ಎಲ್ಲವೂ ಒಪ್ಪಂದದೊಳಗೆ ಬರಬೇಕು. ಉತ್ತರ ಐರ್ಲೆಂಡಿನಲ್ಲಿ ಅಮೆರಿಕದ ಜಾರ್ಜ್ ಮಿಚೆಲ್ಲರು ಬಹುಕಾಲ ತಾಳ್ಮೆಯಿಂದ ಕುಳಿತು ಕೇಳಿದುದರ ಫಲವಾಗಿ 1998ನೆಯ ಏಪ್ರಿಲ್ 10ರ ಒಪ್ಪಂದವಾಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2000ನೆಯ ಅಕ್ಟೋಬರ್ 31ರಂದು ಸಂಧಾನಗಳಲ್ಲಿ ಸ್ತ್ರೀಯರಿಗೆ ಸ್ಥಾನವಿರಬೇಕೆಂದು ನಿರ್ಣಯಿಸಿತು. 2014ರಲ್ಲಿ ಫಿಲಿಪೈನ್ಸಿನ ಬಂಗ್ಸಮೊರೊ ಒಪ್ಪಂದಕ್ಕೆ ಸರ್ಕಾರದ ಪರವಾಗಿ ಸಹಿ ಹಾಕಿದ ಸಂಧಾನ ಪ್ರಮುಖರು ಮಿರಿಯಮ್ ಕೊರೊನೆಲ್ ಫೆರರ್ ಎಂಬ ಮಹಿಳೆ.

ಕೊನೆಯ ಮಾರ್ಪಾಡು, ಯುದ್ಧವು ನಿಲ್ಲದಿರುವಾಗಲೇ ಅದರೊಳಗೆ ಮಾಡುವ ಸಣ್ಣ ಒಪ್ಪಂದಗಳು. ರಷ್ಯಾ ಉಕ್ರೇನುಗಳ ಯುದ್ಧದ ನಡುವೆ 2022ನೆಯ ಜುಲೈ 22ರಂದು ತುರ್ಕಿ ಮತ್ತು ವಿಶ್ವಸಂಸ್ಥೆಗಳು ಕಪ್ಪು ಸಮುದ್ರದಲ್ಲಿ ಧಾನ್ಯದ ಹಡಗುಗಳಿಗೆ ದಾರಿಯನ್ನು ತೆರೆಯಿಸಿದುವು. ಆ ದಾರಿಯು ಒಂದು ವರ್ಷ ತೆರೆದಿದ್ದು, ಅದರ ಮೂಲಕ ಸುಮಾರು 3 ಕೋಟಿ 30 ಲಕ್ಷ ಟನ್ ಧಾನ್ಯಾದಿಗಳು ಸಾಗಿದುವು. ಯುದ್ಧವು ನಿಲ್ಲಲಿಲ್ಲ, ಆದರೆ ದೂರದ ದೇಶಗಳ ಬಡವರ ಒಲೆಗಳು ಉರಿದುವು. ಇದು ಕಾರ್ಕಳದ ಕಥೆಯ ಮಂತ್ರಿಗಳ ಮಾರ್ಗವೇ ಹೊರತು ಬೇರೆಯಲ್ಲ.

ಇಷ್ಟೆಲ್ಲ ಮಾರ್ಪಾಡುಗಳಲ್ಲಿಯೂ ಮಾರ್ಪಡದೆ ಉಳಿದುದು ಯಾವುದು? ಸಂಧಾನಕಾರನ ಧರ್ಮವು. ಒಬ್ಬನ ಮಾತನ್ನು ಇನ್ನೊಬ್ಬನಿಗೆ ಕೂಡಿಸದೆ ಕಳೆಯದೆ ಮುಟ್ಟಿಸುವುದು ಅದರಲ್ಲಿ ಮೊದಲನೆಯದು. ಪಣಿಕ್ಕರರು ಮುಟ್ಟಿಸಿದ ಮಾತನ್ನು ನಂಬದೆ ಹೋದುದರ ಬೆಲೆಯನ್ನು ಕೊರಿಯಾ ತೆತ್ತಿತು. ಎಲ್ಲರನ್ನೂ ಪಂಕ್ತಿಗೆ ಕರೆಯುವುದು ಎರಡನೆಯದು. ನಿರಾಕರಣೆಯಾದ ಮೇಲೆಯೂ ಸಲಹೆಯನ್ನು ಹಿಂತೆಗೆದುಕೊಳ್ಳದೆ, ಎರಡು ಪಕ್ಷಗಳೂ ದಣಿದು ಹಿಂದಿರುಗಿ ನೋಡುವ ದಿನಕ್ಕಾಗಿ ಕಾಪಿಡುವುದು ಮೂರನೆಯದು. ಇದೇ ಅತಿ ಕಠಿನವಾದುದು. ಏಕೆಂದರೆ ಇದಕ್ಕೆ ಕೀರ್ತಿಯ ಆಶೆಯನ್ನು ಬಿಡಬೇಕು. ಅವಸರದ ಸಹಿಯನ್ನೂ ಚಿತ್ರವನ್ನೂ ಬಯಸುವ ಈ ಕಾಲದಲ್ಲಿ ಕಡಮೆಯಾಗುತ್ತಿರುವ ಗುಣವೂ ಇದೇ.

ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವು ಹಡಗು ಯಾರದೆಂದು ಕೇಳುವುದಿಲ್ಲ, ಚುಕ್ಕಾಣಿಯನ್ನು ತಾನೇ ಹಿಡಿಯುವುದೂ ಇಲ್ಲ; ಬಿರುಗಾಳಿಯ ರಾತ್ರಿ ಆರದೆ ಇರುವುದಷ್ಟೇ ಅದರ ಕೆಲಸ. ಮಣಿಪಾಲದ ವಿದ್ಯಾಲಯದಲ್ಲಿ ಭೂರಾಜಕೀಯವನ್ನೂ ಅಂತಾರಾಷ್ಟ್ರೀಯ ಸಂಬಂಧಗಳನ್ನೂ ಶಾಸ್ತ್ರವಾಗಿ ಓದುವ ತರುಣರಿದ್ದಾರೆ. ಅವರು ದೂರದ ರಾಜಧಾನಿಗಳ ಸಂಧಾನಗಳನ್ನು ಅಭ್ಯಸಿಸುವಾಗ, ಇದೇ ಸೀಮೆಯ ಮನೆತನದ ನರಸಿಂಗ ರಾಯರ 1951ನೆಯ ಜನವರಿ ತಿಂಗಳನ್ನೂ ಅಭ್ಯಸಿಸುವುದು ಉಚಿತವಾಗಿದೆ.

ಇನ್ನು ಆರಂಭದ ಪ್ರಶ್ನೆಗೆ ಉತ್ತರವು ಕಷ್ಟವಲ್ಲ. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದವನು ಅಳಿದುಹೋದನು. ಗೆದ್ದವರೂ ತಮ್ಮವರನ್ನೆಲ್ಲ ಕಳೆದುಕೊಂಡು ಶೋಕದಲ್ಲಿ ಮುಳುಗಿದರು. ಎರಡು ಪಕ್ಷಗಳಿಗೂ ಆ ಮೇಲೆ ನೆನಪಾದುದು ಐದು ಗ್ರಾಮಗಳ ಆ ಮಾತೇ ಆಗಿರಬೇಕು. ಯುದ್ಧದ ಹಿಂದಿನ ದಿನ ಯಾರೂ ಕೇಳದ ಮಾತನ್ನು ಯುದ್ಧದ ಮರುದಿನ ಎಲ್ಲರೂ ಹುಡುಕುವರು. ಆ ಮಾತನ್ನು ಮೊದಲೇ ಆಡಿ ಇಟ್ಟವನೊಬ್ಬನು ಇರಬೇಕು. ಫಲಿಸದ ಸಂಧಾನವನ್ನು ಜನರು ಬೆಳಗಿನವರೆಗೆ ಕುಳಿತು ಕೇಳುವುದು ಇದಕ್ಕಾಗಿಯೇ.